ಬೇಕಲದ ಬೆಳಗು: ಹನ್ನೆರಡು ಕ್ಯಾಮೆರಾಗಳ ಜೊತೆ ಹೊರಡುವ ಮುನ್ನ

ಕಾಸರಗೋಡಿನ ಬಳಿಯ ಬೇಕಲ ಕೋಟೆ ಎಂದರೆ ಕಡಲಲ್ಲಿ ಮುಳುಗುವ ಸೂರ್ಯನ ಚಿತ್ರವೇ ಹೆಚ್ಚಿನವರ ಕಣ್ಣೆದುರು ಬರುತ್ತದೆ. ಬೆಳಗ್ಗೆ ಸೂರ್ಯ ಬರುವುದು ಕೋಟೆಯ ಬೆನ್ನ ಕಡೆಯಿಂದ, ತೆಂಗಿನ ತೋಟಗಳ ಮೇಲಿನಿಂದ. ಹಾಗಾಗಿ ಇಲ್ಲಿ ಸೂರ್ಯನನ್ನು ಹಿಡಿಯಲು ಹೋದರೆ ನಿರಾಸೆ. ಅವನ ಮೊದಲ ಬೆಳಕು ಗೋಡೆಯ ಮುರಕಲ್ಲಿನ (ಜಂಬಿಟ್ಟಿಗೆಯ) ಮೇಲೆ ಬೀಳುವುದನ್ನು ಹಿಡಿಯಲು ಹೋಗಬೇಕು. ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ ಈ ಗೋಡೆಗಳ ತೂತು ತೂತಾದ ಮೈ ಕಾಣುವುದೇ ಓರೆ ಬೆಳಕಿನಲ್ಲಿ. ನಡುಹಗಲಲ್ಲಿ ಅದೇ ಗೋಡೆ ಬರೀ ಕಂದು ರಾಶಿ.

ಫೋಟೋ ತೆಗೆಯಲು ಗುಂಪು ಕಟ್ಟುವವರು ಮೊದಲು ತಿಳಿಯಬೇಕಾದ ಸಂಗತಿ, ಕೋಟೆಯ ಬಾಗಿಲು ತೆರೆಯುವುದು ಬೆಳಗ್ಗೆ 8ಕ್ಕೆ. ಸೂರ್ಯೋದಯದ ಹೊತ್ತಿಗೆ ಒಳಗೆ ನಿಲ್ಲಲು ಆಗದು. ಆದ್ದರಿಂದ 8ರ ತನಕ ಹೊರಗೆ ಕಡಲದಂಡೆಯ ಹೊಯ್ಗೆಯಲ್ಲಿ (ಮರಳಿನಲ್ಲಿ), ಆಮೇಲೆ ಒಳಗೆ ಎಂದು ಎರಡು ಪಾಲು ಮಾಡಿ, ಇದನ್ನು ವಾಟ್ಸಾಪ್ ಗುಂಪಿನ ಮೊದಲ ಸಂದೇಶದಲ್ಲೇ ಬರೆದುಬಿಡಿ. ಬಾಗಿಲೆದುರು ಬಂದು ಬೇಸರಪಡುವವರು ಇದನ್ನು ಓದದವರೇ.

ಕೋಟೆಯ ಉತ್ತರಕ್ಕೂ ದಕ್ಷಿಣಕ್ಕೂ ದಂಡೆ ಇದೆ. ಯಾವ ಕಡೆ ನಿಲ್ಲಬೇಕೆಂಬುದನ್ನು ತಿಂಗಳು ಹೇಳುತ್ತದೆ. ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವುದು ನೇರ ಮೂಡಣದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು. ಆಗ ದಕ್ಷಿಣದ ಗೋಡೆಗೆ ಬೆಳಕು, ಉತ್ತರದ ಗೋಡೆಗೆ ನೆರಳು. ನವೆಂಬರಿನಿಂದ ಫೆಬ್ರವರಿವರೆಗೆ ದಕ್ಷಿಣದ ದಂಡೆಯಲ್ಲಿ ನಿಂತು ಉತ್ತರಕ್ಕೆ ನೋಡಿ. ಮಾರ್ಚ್ 21ರ ಆಚೆ ಸೂರ್ಯ ಉತ್ತರಕ್ಕೆ ವಾಲುತ್ತಾನೆ, ಏಪ್ರಿಲ್, ಮೇ ತಿಂಗಳಲ್ಲಿ ಉತ್ತರದ ದಂಡೆ ಒಳ್ಳೆಯದು. ಚಳಿಗಾಲದಲ್ಲಿ ಉತ್ತರಕ್ಕೆ ಹೋಗಿ ನಿಂತವರಿಗೆ ಸಿಗುವುದು ಕಪ್ಪು ಗೋಡೆ, ಬೆಳ್ಳಗೆ ಸುಟ್ಟ ಆಕಾಶ. ಕ್ಯಾಮೆರಾದಲ್ಲಿ ಏನು ಬದಲಿಸಿದರೂ ಅದು ಸರಿಯಾಗದು.

ಪಂಚಾಂಗದ ಸೂರ್ಯೋದಯಕ್ಕೂ ಗೋಡೆಗೆ ಬಿಸಿಲು ತಾಗುವುದಕ್ಕೂ ಅಂತರ ಇದೆ. ಇಲ್ಲಿ ಡಿಸೆಂಬರ್ ಕೊನೆಗೆ ಸುಮಾರು 6:50ಕ್ಕೆ, ಜನವರಿ ಕೊನೆಗೆ 6:55ರ ಆಸುಪಾಸಿಗೆ ಉದಯ. 15 ಮೀಟರ್ ಎತ್ತರದ ತೆಂಗು ಗೋಡೆಯಿಂದ 100 ಮೀಟರ್ ದೂರದಲ್ಲಿದ್ದರೆ ಅದರ ತಲೆ ದಾಟಲು ಸೂರ್ಯ ಎಂಟೂವರೆ ಡಿಗ್ರಿ ಏರಬೇಕು, ಅಂದರೆ ಹತ್ತಿರಹತ್ತಿರ 40 ನಿಮಿಷ. ಮರಗಳು 300 ಮೀಟರ್ ದೂರ ಇದ್ದರೆ 13 ನಿಮಿಷ ಸಾಕು. ಅದಕ್ಕೇ ಕಡಲಿಗೆ ಚಾಚಿದ ಕೊತ್ತಳಕ್ಕೆ ಮೊದಲು ಬೆಳಕು, ತೋಟದ ಬದಿಯ ಗೋಡೆಗೆ ತಡವಾಗಿ. ಸೂರ್ಯ 6 ಡಿಗ್ರಿಯೊಳಗೆ ಇರುವ ಕೆಂಬಣ್ಣದ ಹೊತ್ತು ನಮ್ಮ ಸೀಮೆಯಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಉಳಿಯುವುದಿಲ್ಲ. ಆ ಹೊತ್ತಿಗೆ ಎಲ್ಲರ ಲೆನ್ಸೂ ಕೊತ್ತಳದ ಮೇಲಿರಲಿ.

ದಿನ ಗೊತ್ತುಮಾಡುವಾಗ ಭರತ-ಇಳಿತದ ಪಟ್ಟಿ ನೋಡಿ. 6ರಿಂದ 7ರ ನಡುವೆ ಇಳಿತ ಬರುವ ದಿನ ಸಿಕ್ಕಿದರೆ ಒದ್ದೆ ಹೊಯ್ಗೆಯ ಕನ್ನಡಿಯಲ್ಲಿ ಕೋಟೆಯ ಬಿಂಬ ಕಾಣುತ್ತದೆ. ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವ ಕಾರಣ, ಒಂದು ವಾರ ತಪ್ಪಿದರೆ ಅದೇ ಜಾಗದಲ್ಲಿ ಭರತದ ನೀರು. ಮಳೆಗಾಲದಲ್ಲಿ ಈ ದಂಡೆಗೆ ಗುಂಪು ಕರೆದುಕೊಂಡು ಹೋಗುವ ಯೋಚನೆಯೇ ಬೇಡ.

ಹನ್ನೆರಡು ಮಂದಿಗಿಂತ ಹೆಚ್ಚು ಬೇಡ. ನಾಲ್ಕು ನಾಲ್ಕರ ಮೂರು ತಂಡ ಮಾಡಿ, ತಂಡಕ್ಕೊಬ್ಬರು ಜವಾಬ್ದಾರರು. ಕಾಸರಗೋಡಿನಿಂದ ಸುಮಾರು 16 ಕಿಲೋಮೀಟರ್, ಹೊಸದುರ್ಗದಿಂದ (ಕಾಞಂಗಾಡಿನಿಂದ) 12. ಅಷ್ಟು ಬೆಳಗಿಗೆ ಬಸ್ಸನ್ನು ನಂಬದೆ ವಾಹನ ಹೇಳಿಡಿ. 5:45ಕ್ಕೆ ದಂಡೆಯಲ್ಲಿರಬೇಕು. ಕಾರಿನ ಏಸಿಯನ್ನು ಕೊನೆಯ 20 ನಿಮಿಷ ಆರಿಸಿಬಿಡಿ. ತಣ್ಣಗಾದ ಲೆನ್ಸ್ ಕರಾವಳಿಯ ತೇವದ ಗಾಳಿಗೆ ಬಂದ ಕೂಡಲೇ ಮಂಜಾಗುತ್ತದೆ, ಒರೆಸಿದಷ್ಟೂ ಮತ್ತೆ ಮಂಜು. ಹೀಗೆ ಕಾಲು ಗಂಟೆ ಕಳೆದರೆ ಸೂರ್ಯೋದಯಕ್ಕೆ ಮುಂಚಿನ ನೀಲಿ ಬೆಳಕು ಮುಗಿದೇಹೋಯಿತು.

ಎಲ್ಲರೂ ದಂಡೆಯ ಮೇಲ್ಬದಿಯಿಂದಲೇ ನಡೆಯಲಿ. ಒಬ್ಬರು ಮುಂದೆ ಹೋದರೆ ಉಳಿದ ಹನ್ನೊಂದು ಮಂದಿಯ ಚಿತ್ರದಲ್ಲೂ ಹೆಜ್ಜೆಗುರುತು. ಅಗಲ ನೋಟದ ವೈಡ್ ಲೆನ್ಸಿನವರು ಮುಂದಿನ ಸಾಲಿನಲ್ಲಿ, ದೂರದ್ದನ್ನು ಹತ್ತಿರ ತರುವ ಟೆಲಿ ಲೆನ್ಸಿನವರು ಹಿಂದೆ. ಟಾರ್ಚ್ ನೆಲಕ್ಕೆ ಮಾತ್ರ. ಬೇರೆಯವರ 15 ಸೆಕೆಂಡಿನ ಎಕ್ಸ್‌ಪೋಶರ್ (ಕ್ಯಾಮೆರಾ ಬೆಳಕು ಹಿಡಿಯುವ ಹೊತ್ತು) ಹಾಳಾಗಲು ಅದು ಒಮ್ಮೆ ಗೋಡೆಯತ್ತ ತಿರುಗಿದರೆ ಸಾಕು.

ಚಳಿಗಾಲದಲ್ಲಿ 6:20ರ ಹೊತ್ತಿಗೆ ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 100, ಎಫ್ (ಲೆನ್ಸಿನ ಕಿಂಡಿಯ ಅಳತೆ) 8 ಇಟ್ಟು 15 ಸೆಕೆಂಡಿನಿಂದ ಶುರುಮಾಡಿ, ಕ್ಯಾಮೆರಾ ತೋರಿಸುವ ಬೆಳಕಿನ ನಕ್ಷೆ, ಅಂದರೆ ಹಿಸ್ಟೋಗ್ರಾಮ್ ನೋಡಿ ತಿದ್ದಿ. ಅಷ್ಟು ಉದ್ದದ ಎಕ್ಸ್‌ಪೋಶರಿನಲ್ಲಿ ಅಲೆ ಹಾಲಿನಂತೆ ಮಾಸುತ್ತದೆ. ಹಿಂದೆ ಸರಿಯುವ ನೀರಿನ ಗೆರೆಗಳು ಬೇಕಿದ್ದರೆ ಬೆಳಕು ಹೆಚ್ಚಿದ ಮೇಲೆ ಕಾಲು ಸೆಕೆಂಡಿನಿಂದ ಒಂದು ಸೆಕೆಂಡು. ಟ್ರೈಪಾಡ್ ಕಾಲನ್ನು ಹೊಯ್ಗೆಗೆ ಒತ್ತಿ, ಒಂದು ಅಲೆ ಬಂದು ಹೋಗಲು ಬಿಟ್ಟು, ಮತ್ತೊಮ್ಮೆ ಒತ್ತಿ. ಇಲ್ಲವಾದರೆ ಅಡಿಯ ಹೊಯ್ಗೆ ಜಾರಿ ಚಿತ್ರ ಅಲುಗುತ್ತದೆ. ಕಾಲಿನ ತೀರ ಕೆಳಗಿನ ಭಾಗವನ್ನು ಮೊದಲೇ ಎಳೆದಿಟ್ಟರೆ ಅದರ ಗಂಟು ಹೊಯ್ಗೆಯಿಂದ ಮೇಲಿರುತ್ತದೆ. ಬಣ್ಣದ ಛಾಯೆ ಗೊತ್ತುಮಾಡುವ ವೈಟ್ ಬ್ಯಾಲೆನ್ಸ್ ಡೇಲೈಟಿನಲ್ಲಿ ನಿಲ್ಲಿಸಿ. ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಮುರಕಲ್ಲಿನ ಕೆಂಪನ್ನೇ ತೊಳೆದುಬಿಡುತ್ತದೆ, ನಾವು ಬಂದದ್ದೇ ಆ ಕೆಂಪಿಗೆ.

ದಂಡೆಯಲ್ಲಿ ಮೀನುಗಾರರು ಬಲೆ ಎಳೆಯುತ್ತಿದ್ದರೆ ಮೊದಲು ಕೇಳಿ. ‘ಫೋಟೋ ಎಡುತ್ತೋಟ್ಟೆ?’ (ಫೋಟೋ ತೆಗೆಯಲೇ?) ಎಂಬ ಒಂದು ಮಲಯಾಳ ಮಾತು ಸಾಕು. ಬೇಡ ಎಂದರೆ ಬೇಡ. ಬಲೆಯ ದಾರಿಯಲ್ಲಿ ಟ್ರೈಪಾಡ್ ಇಡಬೇಡಿ.

8ಕ್ಕೆ ಒಳಗೆ ಹೋಗುವಾಗ ಟ್ರೈಪಾಡ್ ವಾಹನದಲ್ಲೇ ಇರಲಿ. ಇದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಟ್ರೈಪಾಡ್ ಬೇಕೇ ಬೇಕು ಎಂದಾದರೆ ಇಲಾಖೆಯ ತ್ರಿಶೂರ್ ವೃತ್ತಕ್ಕೆ ಮುಂಚಿತವಾಗಿ ಬರೆದು ಅನುಮತಿ ಪಡೆಯಬೇಕು. ಅನುಮತಿ ಇಲ್ಲದ ಡ್ರೋನ್ ತರುವವರನ್ನು ಗುಂಪಿಗೇ ಸೇರಿಸಬೇಡಿ. ಬಾಗಿಲ ಬಳಿ ಆಂಜನೇಯನ ಗುಡಿ ಇದೆ, ಅಲ್ಲಿ ಪೂಜೆಗೆ ಬಂದವರ ಮುಖಕ್ಕೆ ಲೆನ್ಸ್ ಹಿಡಿಯುವುದು ಸರಿಯಲ್ಲ.

ಒಳಗೆ ನೇರ ನಡುವಿನ ವೀಕ್ಷಣಾ ಬುರುಜಿಗೆ ಹೋಗಿ. ಡಿಸೆಂಬರಿನಲ್ಲಿ 8ರ ಹೊತ್ತಿಗೆ ಸೂರ್ಯ ಸುಮಾರು 16 ಡಿಗ್ರಿ ಎತ್ತರದಲ್ಲಿರುವುದರಿಂದ ಬುರುಜಿನ ನೆರಳು ಅದರ ಎತ್ತರದ ಮೂರೂವರೆ ಪಟ್ಟು ಉದ್ದ ಹುಲ್ಲಿನ ಮೇಲೆ ಚಾಚಿರುತ್ತದೆ. ಮೇಲೆ ಹತ್ತುವ ಅಗಲ ಇಳಿಜಾರಿನಲ್ಲಿ ಒಂದೊಂದು ಕಲ್ಲಿನ ಅಂಚೂ ಎದ್ದು ಕಾಣುತ್ತದೆ. ಮೆಟ್ಟಿಲಿರುವ ಕೆರೆಯನ್ನು ಕೊನೆಗೆ ಇಟ್ಟುಕೊಳ್ಳಿ, ಬಿಸಿಲು ಏರಿದ ಮೇಲೆಯೇ ಅದರ ಒಳಗೋಡೆಗೆ ಬೆಳಕು ಇಳಿಯುವುದು. 9:30ರ ಸುಮಾರಿಗೆ ಕ್ಯಾಮೆರಾ ಒಳಗಿಟ್ಟು ಚಾ ಕುಡಿಯಲು ಹೊರಡಬಹುದು. ಮನೆ ಸೇರಿದ ಕೂಡಲೇ ಟ್ರೈಪಾಡ್ ಕಾಲುಗಳನ್ನು ಬಿಚ್ಚಿ ಸಿಹಿನೀರಲ್ಲಿ ತೊಳೆಯಿರಿ, ಲೆನ್ಸಿನ ಮೇಲಿನ ಉಪ್ಪನ್ನು ಒಣಬಟ್ಟೆಯಲ್ಲಿ ಉಜ್ಜದೆ ತುಸು ಒದ್ದೆ ಮಾಡಿದ ಮೆತ್ತನೆ ಬಟ್ಟೆಯಲ್ಲಿ ತೆಗೆಯಿರಿ.