ಹಾಸ್ಟೆಲ್ ಬಚ್ಚಲಿನ ಆ ಪೆಟ್ಟಿಗೆ

ಕಳೆದ ಮಳೆಗಾಲದ ಒಂದು ಶನಿವಾರ ಮಗಳನ್ನು ನೋಡಲು ಶಿರಸಿಗೆ ಹೋಗಿದ್ದೆ. ನಮ್ಮದು ಕುಮಟಾ ಹತ್ತಿರದ ಊರು. ಅವಳು ಶಿರಸಿಯಲ್ಲಿ ಪಿಯುಸಿ ಓದುತ್ತಾಳೆ, ಹಾಸ್ಟೆಲಿನಲ್ಲಿದ್ದಾಳೆ. ದೇವಿಮನೆ ಘಟ್ಟದಲ್ಲಿ ಮಂಜು ಅಂದರೆ ಮಂಜು, ಬಸ್ಸು ತೆವಳಿಕೊಂಡೇ ಹತ್ತಿತು. ನನ್ನ ಚೀಲದಲ್ಲಿ ಹಲಸಿನ ಹಪ್ಪಳ, ಅಪ್ಪೆಮಿಡಿ, ಎರಡು ಹೊಸ ಟವೆಲ್. ಟವೆಲ್ ಯಾಕೆಂದರೆ ಫೋನಿನಲ್ಲಿ ಹೇಳಿದ್ದಳು, "ಆಯಿ, ಎಷ್ಟು ತೊಳೆದ್ರೂ ಟವೆಲ್ ವಾಸನೆ ಹೋಗೋದೇ ಇಲ್ಲ." ಮಳೆಗೆ ಒಣಗದ ಬಟ್ಟೆಯ ಮುಗ್ಗು ಇರಬೇಕು ಎಂದುಕೊಂಡಿದ್ದೆ.

ಮುಗ್ಗು ಅಲ್ಲ ಅದು. ಪ್ಲಾಸ್ಟಿಕ್ ಸುಟ್ಟ ವಾಸನೆ. ಬಟ್ಟೆ ಒಣಹಾಕುವ ಓಣಿಗೆ ಕಾಲಿಡುತ್ತಿದ್ದಂತೆ ಗಂಟಲು ಕೆರೆಯಿತು.

ಅಲ್ಲೇ ಬಚ್ಚಲುಗಳ ನಡುವಿನ ಗೋಡೆಯಲ್ಲಿ ಒಂದು ಬಿಳಿ ಪೆಟ್ಟಿಗೆ. ಪ್ಯಾಡ್ ಸುಡುವ ಮಷಿನ್. ಮೇಲಿನ ಬಾಯಿಯಿಂದ ಬಳಸಿದ ಪ್ಯಾಡ್ ಹಾಕಿ ಕೆಂಪು ಬಟನ್ ಒತ್ತಿದರೆ ಒಳಗಿನ ಕಾಯಿಲ್ ಕಾಯುತ್ತದೆ, ಬೂದಿ ಕೆಳಗಿನ ಟ್ರೇಗೆ ಬೀಳುತ್ತದೆ. ಟ್ರೇಯಿಂದ ಬೂದಿ ಸುರಿಯಲು ಕೆಳಗೆ ಒಂದು ನೀಲಿ ಪ್ಲಾಸ್ಟಿಕ್ ಬಕೆಟ್. ಹಿಂದಿನಿಂದ ಹೊರಟ ಹೊಗೆ ಕೊಳವೆ ಹೊರಗೆ ಹೋಗಿರಲಿಲ್ಲ, ವೆಂಟಿಲೇಟರ್ ಕೆಳಗೆ ಬಚ್ಚಲ ಒಳಗೇ ಮುಗಿದಿತ್ತು. ಪ್ಲಗ್ ಹಾಕಿದ್ದು ಮೊಬೈಲ್ ಚಾರ್ಜ್ ಮಾಡುವಂಥ ಸಣ್ಣ ಸಾಕೆಟ್ಟಿಗೆ. ಅದರ ತೂತುಗಳ ಸುತ್ತ ಕಂದು ಬಣ್ಣ ಬಂದಿತ್ತು. ಗೀಸರ್‌ಗೆ 16 ಆಂಪಿಯರ್ ಸಾಕೆಟ್ ಬೇಕು ಅಂತ ಮನೆಯಲ್ಲಿ ಎಲೆಕ್ಟ್ರಿಷಿಯನ್ ಹೇಳಿದ್ದು ನೆನಪಾಯಿತು. ಇದರೊಳಗೆ ಇರುವುದೂ ಕಾಯಿಲ್ ತಾನೇ?

ಬೆಳಗ್ಗಿನಿಂದ ಕರೆಂಟ್ ಇರಲಿಲ್ಲ. ಆದರೆ ಹುಡುಗಿಯರು ಕರೆಂಟಿಗೆ ಕಾಯುತ್ತಾರಾ? ಒಂದರ ಮೇಲೊಂದು ಹಾಕುತ್ತಲೇ ಇದ್ದರು. ಬಟನ್ ಆನ್ ಇದ್ದದ್ದು ಯಾರಿಗೂ ಗೊತ್ತಿಲ್ಲ. ಸುಮಾರು ನಾಲ್ಕು ಗಂಟೆಗೆ ಕರೆಂಟ್ ಬಂತು. ನಾನು ಓಣಿಯಲ್ಲಿ ಹೊಸ ಟವೆಲ್ ಹರವುತ್ತಿದ್ದೆ. ಮೊದಲು ಬಿಳಿ ಹೊಗೆ, ಸ್ವಲ್ಪ ಹೊತ್ತಿಗೆ ಕಪ್ಪು. ಸ್ನಾನಕ್ಕೆ ಹೋಗಿದ್ದ ಹುಡುಗಿಯೊಬ್ಬಳು ಒದ್ದೆ ಕೂದಲಲ್ಲೇ ಕೆಮ್ಮುತ್ತಾ ಹೊರಗೆ ಓಡಿ ಬಂದಳು. ಒಳಗೆ ನೋಡಿದರೆ ಬಕೆಟ್ ಉರಿಯುತ್ತಿದೆ! ತುಂಬಿದ ಟ್ರೇಯಿಂದ ಕೆಂಡದಂಥ ತುಂಡು ಬಿದ್ದಿರಬೇಕು. ನಾನು ತಂಬಿಗೆಗೆ ಕೈ ಹಾಕಿದೆ. ಅಡುಗೆ ಮಾಡುವ ಅಕ್ಕ ಹಿಂದಿನಿಂದ ಕೂಗಿದರು, "ನೀರು ಹಾಕ್ಬೇಡಿ, ಮೊದ್ಲು ಮೇನ್ ಆಫ್ ಮಾಡ್ಬೇಕು!" ಓಡಿ ಹೋಗಿ ಮೇನ್ ತೆಗೆದು, ಬರುವಾಗ ಗೋಣಿಚೀಲ ನೆನೆಸಿಕೊಂಡೇ ಬಂದರು. ಅದನ್ನು ಹೊದಿಸಿದ ಮೇಲೆ ಬೆಂಕಿ ಆರಿತು. ಆ ಅಕ್ಕ ಅವತ್ತು ರಜೆಯಲ್ಲಿದ್ದಿದ್ದರೆ? ಈಗಲೂ ರಾತ್ರಿ ಎಚ್ಚರವಾದರೆ ಇದನ್ನೇ ಯೋಚಿಸುತ್ತೇನೆ.

ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಆಫೀಸ್ ರೂಮಿನಲ್ಲಿತ್ತು. ಆಫೀಸಿಗೆ ಬೀಗ. ಆಮೇಲೆ ಅದರ ಚೀಟಿ ಓದಿದೆ, ಮತ್ತೆ ತುಂಬಿಸಬೇಕಾದ ದಿನಾಂಕ ದಾಟಿ ಎರಡು ವರ್ಷ ಆಗಿತ್ತು.

ಯಾರಿಗೂ ಸುಟ್ಟಗಾಯ ಆಗಲಿಲ್ಲ. ಆದರೆ ಅಸ್ತಮಾ ಇರುವ ಒಂದು ಮಗು ಜಗಲಿಯ ಮೇಲೆ ಇನ್‌ಹೇಲರ್ ಹಿಡಿದುಕೊಂಡು ಅರ್ಧ ಗಂಟೆ ಕೂತಿತ್ತು, ಮಾತಾಡಲು ಆಗುತ್ತಿರಲಿಲ್ಲ. ನಾನು ಬೆನ್ನು ಸವರುತ್ತಾ ಪಕ್ಕದಲ್ಲೇ ಕೂತೆ. ವಾರ್ಡನ್ ಓಡಿ ಬಂದರು. ಇನ್ನೂ ಸಣ್ಣ ವಯಸ್ಸು, ಕೈ ನಡುಗುತ್ತಿತ್ತು. "ಹೋದ ತಿಂಗಳಷ್ಟೇ ತಪಾಸಣೆಗೆ ಬಂದಿದ್ರು ಅಮ್ಮ. ಮಷಿನ್ ಇದ್ಯಾ ಅಂತ ಕೇಳಿದ್ರು. ಇದೆ ಅಂದೆ. ಬರ್ಕೊಂಡು ಹೋದ್ರು." ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಮನೆಗೆ ಬಂದು ಒಂದು ವಾರ ಇದನ್ನೇ ಓದಿದೆ. ಆಸ್ಪತ್ರೆಯ ಹಳದಿ ಚೀಲದ ಕಸ, ಅಂದರೆ ರಕ್ತ ಅಂಟಿದ ಹತ್ತಿ, ಬ್ಯಾಂಡೇಜಿನಂಥದ್ದನ್ನು ಸುಡಲು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಇದೆ. ಸುಡುವ ಒಲೆಗೆ ಎರಡು ಕೋಣೆ ಬೇಕು. ಮೊದಲನೆಯದರಲ್ಲಿ 800 ಡಿಗ್ರಿಗಿಂತ ಕಡಿಮೆ ಆಗುವಂತಿಲ್ಲ, ಎರಡನೆಯದರಲ್ಲಿ 1050 ಡಿಗ್ರಿ ಆಸುಪಾಸು, ಅಲ್ಲಿ ಹೊಗೆ ಕನಿಷ್ಠ 2 ಸೆಕೆಂಡ್ ನಿಲ್ಲಬೇಕು. ಚಿಮಣಿ 30 ಮೀಟರ್, ಅಂದರೆ ನಮ್ಮ ತೋಟದ ತೆಂಗಿನಮರಗಳಿಗಿಂತ ಎತ್ತರ. ಹೊಗೆಯನ್ನು ಆಗಾಗ ಪರೀಕ್ಷೆ ಮಾಡಿಸಬೇಕು. ಇಷ್ಟೆಲ್ಲ ಕಟ್ಟುನಿಟ್ಟು ಯಾಕೆಂದರೆ ಪ್ಲಾಸ್ಟಿಕ್ ಅರೆಬರೆ ಸುಟ್ಟರೆ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ, ಕ್ಲೋರಿನ್ ಇರುವ ವಸ್ತು ಸೇರಿದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಡಯಾಕ್ಸಿನ್ ಮೈಯ ಕೊಬ್ಬಿನಲ್ಲಿ ಸೇರಿಕೊಂಡರೆ ಅರ್ಧದಷ್ಟು ಕರಗಲು 7ರಿಂದ 11 ವರ್ಷ ಬೇಕಂತೆ, ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಪ್ಯಾಡ್ ಅಂದರೆ ಬರೀ ಹತ್ತಿ ಅಲ್ಲ. ಕೆಳಗೆ ಪ್ಲಾಸ್ಟಿಕ್ ಹಾಳೆ, ನಡುವೆ ನೀರು ಹೀರುವ ಜೆಲ್. ಒದ್ದೆಯಾದದ್ದನ್ನು ರಾಶಿ ಹಾಕಿ ಒಂದು ಕಾಯಿಲ್ಲಿನಲ್ಲಿ ಬೇಯಿಸಿದರೆ ಪೂರ್ತಿ ಸುಡುವುದು ಹೇಗೆ? ಮಕ್ಕಳು ಹಲ್ಲುಜ್ಜುವ, ಮೀಯುವ ಜಾಗದಲ್ಲಿ ಆ ಹೊಗೆ ಬಿಡುತ್ತಿದ್ದೇವೆ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಎಂದು ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಮುಚ್ಚಿದ ಬಚ್ಚಲಲ್ಲಿ ಸುಟ್ಟರೆ ಕೇಳುವವರು ಯಾರು?

ಅದನ್ನೇ ಕೇಳೋಣ ಅಂತ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಮಷಿನ್ ಎಷ್ಟು ಡಿಗ್ರಿಗೆ ಕಾಯುತ್ತದೆ, ಹೊಗೆ ಯಾರು ನೋಡುತ್ತಾರೆ, ವೈರಿಂಗ್ ಯಾರು ನೋಡುತ್ತಾರೆ. ಮೂರೇ ಪ್ರಶ್ನೆ. ಉತ್ತರ ಒಂದೇ ಸಾಲು, "ಯಂತ್ರ ಅಳವಡಿಸಲಾಗಿದ್ದು ಸುಸ್ಥಿತಿಯಲ್ಲಿದೆ." ಆ ಹೊತ್ತಿಗೆ ಅದು ಸುಟ್ಟು ಕರಕಲಾಗಿ ಗೋಡೆಯಲ್ಲೇ ನೇತಾಡುತ್ತಿತ್ತು. ಇನ್ನೊಂದು ಕಚೇರಿಗೆ ಹೋದರೆ ಸಿಲಿಂಡರ್, ಬಾಗಿಲು ಮಾತ್ರ ನಾವು ನೋಡುತ್ತೇವೆ ಎಂದರು. ಮತ್ತೊಂದರಲ್ಲಿ, ಇಷ್ಟು ಸಣ್ಣ ಮಷಿನ್ ನಮ್ಮ ಪಟ್ಟಿಯಲ್ಲೇ ಇಲ್ಲ ಎಂದರು. ಅಲ್ಲ, ಮಷಿನ್ ಸಣ್ಣದಿರಬಹುದು, ಅಂಥವು ಎಷ್ಟು ಶಾಲೆ, ಎಷ್ಟು ಹಾಸ್ಟೆಲಿನಲ್ಲಿ ಇವೆ ಅಂತ ಯಾರಾದರೂ ಲೆಕ್ಕ ಹಾಕಬೇಕಲ್ವಾ?

ಸಿಟ್ಟಿನಲ್ಲಿ ಆ ಮಷಿನ್ನೇ ಬೇಡ ಅಂತ ಬರೆಯುತ್ತೇನೆ ಎಂದೆ. ಮಗಳು ತಡೆದಳು. "ತೆಗೀರಿ ಅಂತ ಮಾತ್ರ ಹೇಳ್ಬೇಡ ಆಯಿ. ಮೊದ್ಲು ಪೇಪರಲ್ಲಿ ಸುತ್ತಿ ಬ್ಯಾಗಲ್ಲಿ ಇಟ್ಕೊಳ್ತಿದ್ವಿ. ಕತ್ತಲಾದ್ಮೇಲೆ ಹಿಂದಿನ ಗುಂಡಿಗೆ ಎಸೀತಿದ್ವಿ, ಬೆಳಗ್ಗೆ ನಾಯಿ ಎಳ್ಕೊಂಡು ಬರ್ತಿತ್ತು." ನನಗೆ ಮಾತೇ ಹೊರಡಲಿಲ್ಲ. ನಮ್ಮ ಕಾಲದಲ್ಲಿ ನಾವೂ ಬಟ್ಟೆಯನ್ನು ಯಾರಿಗೂ ಕಾಣದ ಹಾಗೆ ಅಟ್ಟದ ಮೂಲೆಯಲ್ಲಿ ಒಣಗಿಸಿದವರೇ.

ಹಾಗಾಗಿ ಎರಡನೇ ಅರ್ಜಿಯಲ್ಲಿ ಬೇಡ ಅಂತ ಬರೆಯಲಿಲ್ಲ. ಕೊಳವೆ ಮಾಡಿನ ಮೇಲಕ್ಕೆ ಹೋಗಬೇಕು. ಬೇರೆ ಲೈನ್ ಎಳೆದು 16 ಆಂಪಿಯರ್ ಸಾಕೆಟ್ ಹಾಕಬೇಕು. ಬೂದಿಗೆ ತಗಡಿನ ಡಬ್ಬಿ ಇಡಬೇಕು. ಇಲ್ಲವೇ ಮುಚ್ಚಳದ ಬುಟ್ಟಿ ಇಟ್ಟು, ಸರಿಯಾಗಿ ಸುಡುವ ದೊಡ್ಡ ಘಟಕಕ್ಕೆ ಕಳಿಸುವ ವ್ಯವಸ್ಥೆ ಮಾಡಬೇಕು. ತಪಾಸಣೆಗೆ ಬಂದವರು ಮಷಿನ್ ಚಾಲೂ ಮಾಡಿಸಿ, ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಆ ಬಚ್ಚಲಲ್ಲಿ ನಿಲ್ಲಬೇಕು ಅಂತಲೂ ಬರೆದೆ. ಇಪ್ಪತ್ಮೂರು ತಾಯಂದಿರು ಸಹಿ ಹಾಕಿದ್ದಾರೆ. ಅಡುಗೆಯ ಅಕ್ಕನೂ ಹಾಕಿದರು.

ಸಿಲಿಂಡರ್ ಈಗ ಬಚ್ಚಲ ಓಣಿಗೆ ಬಂದಿದೆ, ಸಾಕೆಟ್ ಬದಲಾಗಿದೆ. ಇಷ್ಟನ್ನು ವಾರ್ಡನ್ ಓಡಾಡಿ ಮಾಡಿಸಿದರು. ಕೊಳವೆ ಇನ್ನೂ ಆಗಿಲ್ಲ. ಹೊಸ ಮಷಿನ್ ಆಫೀಸಿನಲ್ಲಿ ರಟ್ಟಿನ ಪೆಟ್ಟಿಗೆಯೊಳಗೇ ಇದೆ, ಕೊಳವೆ ಆಗುವವರೆಗೆ ಗೋಡೆಗೆ ಹಾಕಲು ಬಿಡುವುದಿಲ್ಲ ಎಂದು ಹೇಳಿ ಬಂದಿದ್ದೇವೆ. ಸೋಮವಾರ ಮತ್ತೆ ಘಟ್ಟ ಹತ್ತುತ್ತೇನೆ.