ಇದು ರಿಜೆಕ್ಟ್ ಕಣಯ್ಯಾ

ನಾನು ಮನೆಯಲ್ಲಿ ಕಡೆಯುತ್ತಿದ್ದ ಹಬೆ ಯಂತ್ರದ ಸಿಲಿಂಡರಿನ ಬೋರ್, ಅಂದರೆ ಒಳವ್ಯಾಸ, 20.07 ಮಿಲಿಮೀಟರಿಗೆ ಬಂದು ನಿಂತಿತು. ಡ್ರಾಯಿಂಗಿನಲ್ಲಿ ಇದ್ದದ್ದು 20. ಲೇತ್ ಆಫ್ ಮಾಡಿ, ಒಳಗೆ ಬಟ್ಟೆ ಹಾಯಿಸಿ, ಟಾರ್ಚ್ ಬಿಟ್ಟು ನೋಡಿದೆ. ಎರಕದಲ್ಲಿ ಅಡಗಿದ್ದ ಸೂಜಿಮೊನೆಯಷ್ಟು ತೂತೊಂದು ಕೊನೆಯ ಕಟ್‌ನಲ್ಲಿ ಮಾಯವಾಗಿತ್ತು. ಗೆರೆ ಇಲ್ಲ, ಟೂಲ್ ಅದುರಿದ ಗುರುತಿಲ್ಲ. ಇನ್ನು ಇದನ್ನು ಮುಟ್ಟುವುದಿಲ್ಲ ಎಂದುಕೊಂಡು ಬೋರಿಂಗ್ ಬಾರ್ ಬಿಚ್ಚಿಟ್ಟು ಕೈ ತೊಳೆಯಲು ಹೋದೆ.

ತೊಳೆದರೂ ಕೈ ಕಪ್ಪೇ. ಬೀಡು, ಅಂದರೆ ಎರಕದ ಕಬ್ಬಿಣ, ಕಡೆಯುವವರ ಹಣೆಬರಹ ಅದು. ಉಕ್ಕಿನ ಹಾಗೆ ಸುರುಳಿ ಬರುವುದಿಲ್ಲ, ಪುಡಿಯಾಗಿ ಉದುರುತ್ತದೆ. ಒಳಗೆ ಗ್ರಾಫೈಟ್ ಇರುವುದರಿಂದ ಎಣ್ಣೆ, ನೀರು ಏನೂ ಬೇಡ, ಒಣಗಿದ್ದ ಹಾಗೆಯೇ ಕಡೆಯಬಹುದು. ಎರಕದ ಮೇಲ್ಪದರ ಮಾತ್ರ ಗಟ್ಟಿ, ಅದರಲ್ಲಿ ಮರಳೂ ಸೇರಿರುತ್ತದೆ. ಮೊದಲ ಕಟ್ಟನ್ನೇ ಧೈರ್ಯವಾಗಿ ಆಳಕ್ಕೆ ಕೊಟ್ಟು ಆ ಪದರದ ಕೆಳಗೆ ಹೋಗಬೇಕು. ಹೆದರಿ ಮೇಲೆಮೇಲೆ ಸವರಿದರೆ ಟೂಲಿನ ಮೊನೆ ಹೋಯಿತೆಂದೇ ಲೆಕ್ಕ. ಈ ಪುಡಿ ಲೇತಿನ ಬೆಡ್ಡಿನ ಎಣ್ಣೆಗೆ ಸೇರಿದರೆ ಬೆಡ್ಡನ್ನೇ ಸವೆಸಿಬಿಡುತ್ತದೆ ಅಂತ ಚಕ್ಕಿನ ಕೆಳಗೆ ಅಗಲವಾದ ತಟ್ಟೆ ಇಡುತ್ತೇನೆ. ಅದು ಅಡುಗೆಮನೆಗೆ ಬೇಡವಾದ ತಟ್ಟೆಯೇ ಎಂಬ ಬಗ್ಗೆ ಮನೆಯಲ್ಲಿ ಭಿನ್ನಾಭಿಪ್ರಾಯವಿದೆ.

ಮಾಡುತ್ತಿರುವುದು ಒಂದು ಪುಟ್ಟ ಹಬೆ ಯಂತ್ರ. ನಿಂತ ಸಿಲಿಂಡರು, ಕೆಳಗೆ ಕ್ರ್ಯಾಂಕು, ಪಕ್ಕದಲ್ಲಿ ಹಬೆಯನ್ನು ಒಮ್ಮೆ ಮೇಲಿಂದ ಒಮ್ಮೆ ಕೆಳಗಿಂದ ಬಿಡುವ ಸ್ಲೈಡ್ ವಾಲ್ವು, ಹೊಲಿಗೆ ಮಿಷನ್ನಿನದೊಂದು ಹಳೆಯ ಗಾಲಿ. ಎಲ್ಲ ಸೇರಿ ಗೇಣುದ್ದ. ಇಂಗ್ಲೆಂಡಿನಲ್ಲಿ ಇದೊಂದು ದೊಡ್ಡ ಪರಂಪರೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಹಬೆ ಯಂತ್ರ, ರೈಲು ಎಂಜಿನ್ ಕಟ್ಟುವವರಿಗಾಗಿಯೇ 1898ರಿಂದ ಅಲ್ಲೊಂದು ಪತ್ರಿಕೆ ನಡೆಯುತ್ತಿದೆ. ಎರಕದ ಬಿಡಿಭಾಗಗಳ ಕಿಟ್ಟು ಅಂಚೆಯಲ್ಲಿ ಬರುತ್ತದೆ, ಕಡೆದು ಜೋಡಿಸುವುದಷ್ಟೇ ನಮ್ಮ ಕೆಲಸ. ಆ ಕಿಟ್ಟಿನ ಬೆಲೆಗೆ ಸಾಗಣೆ, ಕಸ್ಟಮ್ಸು ಎಲ್ಲ ಸೇರಿಸಿ ನೋಡಿ, ಗುಜರಿಯಲ್ಲಿ ತೂಕಕ್ಕೆ ಸಿಗುವ ಬೀಡಿನ ತುಂಡೇ ನಮಗೆ ಸರಿ ಅಂತ ತೀರ್ಮಾನಿಸಿದೆ.

ಈ ಹುಚ್ಚು ಹೊಸದಲ್ಲ. ನಾನು ಕೆಲಸ ಕಲಿತದ್ದು ಜಾಲಹಳ್ಳಿಯ ಎಚ್‌ಎಂಟಿಯಲ್ಲಿ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಕಾರದಿಂದ ಶುರುವಾದ ಕಾರ್ಖಾನೆ ಅದು. ಅಪ್ರೆಂಟಿಸ್ ಆಗಿ ಸೇರಿದ ಹೊಸದರಲ್ಲಿ ಲೇತಿನ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಒಂದು ಉಕ್ಕಿನ ತುಂಡು, ಒಂದು ಅರ, ಒಂದು ವೈಸು, ಅಷ್ಟೇ. ತುಂಡು ಚೌಕಕ್ಕೆ ಬರುವ ತನಕ ಉಜ್ಜು, ನೀಲಿ ಹಚ್ಚಿ ಸಮತಟ್ಟಾದ ಸರ್ಫೇಸ್ ಪ್ಲೇಟಿನ ಮೇಲೆ ಇಟ್ಟು ನೋಡು, ಮತ್ತೆ ಉಜ್ಜು. ಸಂಜೆ ರಾಜಾಜಿನಗರದ ಇಂಡಸ್ಟ್ರಿಯಲ್ ಟೌನಿನಲ್ಲಿದ್ದ ಚಿಕ್ಕಪ್ಪನ ಲೇತ್ ಶಾಪಿಗೆ ಹೋಗುತ್ತಿದ್ದೆ. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ಸಿಕ್ಕಿದ ಒಂದು ಇಂಗ್ಲಿಷ್ ಪತ್ರಿಕೆ ನೋಡಿಕೊಂಡು ಅಲ್ಲಿ ನನ್ನ ಮೊದಲ ಯಂತ್ರ ಮಾಡಿದೆ. ವಾಲ್ವೇ ಇಲ್ಲದ ಯಂತ್ರ. ಸಿಲಿಂಡರೇ ಅತ್ತಿತ್ತ ಓಲಾಡುತ್ತದೆ, ಓಲಾಡಿದಾಗ ಅದರ ತೂತು ಒಮ್ಮೆ ಹಬೆ ಬರುವ ತೂತಿಗೆ ಕೂಡುತ್ತದೆ, ಇನ್ನೊಮ್ಮೆ ಹೊರಗೆ ಹೋಗುವ ತೂತಿಗೆ. ಬಾಯಲ್ಲಿ ಊದಿದರೂ ತಿರುಗುತ್ತಿತ್ತು. ಆಮೇಲೆ ಮದುವೆ, ಶಿಫ್ಟು, ಮಕ್ಕಳ ಫೀಸು. ಬಡ್ತಿ ಸಿಕ್ಕಿ ಪ್ಲ್ಯಾನಿಂಗ್ ವಿಭಾಗದ ಕುರ್ಚಿಗೆ ಹೋದ ಮೇಲಂತೂ ಲೇತಿನ ಹಿಡಿ ಮುಟ್ಟಿದ್ದೇ ಇಲ್ಲ. ಲೇತ್ ತಯಾರಿಸುವ ಕಾರ್ಖಾನೆಯಲ್ಲಿ ಲೇತ್ ಮುಟ್ಟದೆ ವರ್ಷಗಟ್ಟಲೆ ಸಂಬಳ ತೆಗೆದುಕೊಂಡವನು ನಾನು.

ನಿವೃತ್ತಿಯಾದ ಮೇಲೆ ಪೀಣ್ಯದಲ್ಲಿ ಬಾಗಿಲು ಹಾಕುತ್ತಿದ್ದ ಒಂದು ಶಾಪಿನಿಂದ ರಾಜಕೋಟ್‌ನಲ್ಲಿ ತಯಾರಾದ ಸಣ್ಣ ಲೇತನ್ನು ತಂದೆ. ತ್ರೀ-ಫೇಸ್ ಮೋಟರು ಮನೆಯ ಕರೆಂಟಿಗೆ ಆಗದು ಅಂತ ಒಂದು ಎಚ್‌ಪಿಯ ಸಿಂಗಲ್-ಫೇಸ್ ಮೋಟರು ಹಾಕಿಸಿದ್ದಾಯಿತು. ಸ್ಕೂಟರ್ ನಿಲ್ಲಿಸುವ ಜಾಗವೇ ನನ್ನ ವರ್ಕ್‌ಶಾಪು. "ರೀ, ಸ್ಕೂಟರ್ ಮಳೇಲಿ ನೆನೀತಾ ನಿಂತಿದೆ, ನಿಮ್ಮ ಕಬ್ಬಿಣಕ್ಕೆ ಮಾತ್ರ ಹೊದಿಕೆ" ಅಂತ ಮನೆಯಾಕೆ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆವತ್ತು ಕೈ ತೊಳೆದು ಬರುವಷ್ಟರಲ್ಲಿ ನನ್ನ ಹಳೇ ಗೆಳೆಯ ಗೇಟು ತೆಗೆದು ಒಳಗೆ ಬಂದಿದ್ದ. ಎರಡು ರಸ್ತೆ ಆಚೆ ಅವನ ಮನೆ. ಇಡೀ ಸರ್ವಿಸ್ಸು ಇನ್ಸ್‌ಪೆಕ್ಷನ್ ವಿಭಾಗದಲ್ಲೇ ಕಳೆದವನು. ಅವನ ಕೆಂಪು ಬಣ್ಣದ ಗುರುತು ಬಿದ್ದ ಜಾಬ್ ಸೀದಾ ಗುಜರಿಗೇ ಹೋಗುತ್ತಿತ್ತು, ಯಾವ ಫೋರ್‌ಮನ್ ಬಂದು ಕೇಳಿಕೊಂಡರೂ ಅಷ್ಟೇ. ಸ್ವಂತದ ಬೋರ್ ಗೇಜನ್ನು ಇವತ್ತಿಗೂ ಮರದ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾನೆ, ಅದನ್ನು ತಂದಿದ್ದ. ನಾನು ಕರೆದಿರಲಿಲ್ಲ.

ಮೇಲೆ, ನಡುವೆ, ಕೆಳಗೆ ಅಳೆದ. ಗೇಜನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಅಳೆದ. ಕನ್ನಡಕ ತೆಗೆದ.

"ಗುಂಡಗಿದೆ. ಟೇಪರೂ ಇಲ್ಲ. ಆದ್ರೆ ಇದು ರಿಜೆಕ್ಟ್ ಕಣಯ್ಯಾ."

"ಯಾಕೆ?"

"ಇಪ್ಪತ್ತು ಎಚ್7 ಅಂದ್ರೆ 20.021ಕ್ಕೆ ಮುಗೀತು. ನೀನು ಇನ್ನೂ ಐದು ಸೆಂಟು ಆಚೆ ಹೋಗಿದೀಯ. ನೋ-ಗೋ ಗೇಜು ಜಾರ್ಕೊಂಡು ಒಳಗೆ ಹೋಗುತ್ತೆ." ಎಚ್7 ಅಂದರೆ ತೂತು ಎಷ್ಟು ದೊಡ್ಡದಾಗಬಹುದು ಅನ್ನುವ ಮಿತಿ. ಸೆಂಟು ಅಂದರೆ ಮಿಲಿಮೀಟರಿನ ನೂರರಲ್ಲೊಂದು ಪಾಲು. ನೋ-ಗೋ ಗೇಜು ಸರಿಯಾದ ತೂತಿನೊಳಗೆ ಹೋಗಲೇಬಾರದು.

"ನನ್ನ ಹತ್ರ ನೋ-ಗೋ ಗೇಜೇ ಇಲ್ವಲ್ಲಯ್ಯಾ."

"ಅದಕ್ಕೇ ಹಿಂಗಾಗಿರೋದು. ಮೇಲಾಗಿ ಈ ಬಿಸಿಲಲ್ಲಿ ಅಳೀತೀಯ. ಅಳತೆ ಅಂದ್ರೆ 20 ಡಿಗ್ರಿಯಲ್ಲಿ ಮಾಡ್ಬೇಕು. ಇಲ್ಲಿ ಎಷ್ಟಿದೆ? 34?"

ಇಪ್ಪತ್ತು ಮಿಲಿಮೀಟರಿನ ಬೀಡು ಹದಿನಾಲ್ಕು ಡಿಗ್ರಿ ಹೆಚ್ಚು ಕಾದರೆ ಹಿಗ್ಗುವುದು ಮೂರು ಮೈಕ್ರಾನು, ಮಿಲಿಮೀಟರಿನ ಸಾವಿರದಲ್ಲಿ ಮೂರು ಪಾಲು. ಜೊತೆಗೆ ಅವನ ಗೇಜೂ ಅದೇ ಬಿಸಿಲಲ್ಲಿ ಇತ್ತು. ಇದನ್ನು ಹೇಳಿದೆ. ಅವನು ಕಾಫಿ ಕುಡಿಯುತ್ತಾ ಕೇಳದವನ ಹಾಗೆ ಇದ್ದ.

ಆದರೂ ರಿಜೆಕ್ಟ್ ಎಂಬ ಅವನ ಮಾತು ಸುಳ್ಳಲ್ಲ. ಕಾರ್ಖಾನೆಯಲ್ಲಿ ನಾನು ಕಡೆದ ಶಾಫ್ಟು ಯಾವ ಬುಷ್ಷಿಗೆ ಹೋಗುತ್ತದೆಂದು ನನಗೆ ಗೊತ್ತಾಗುತ್ತಿರಲಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ. ಸಾವಿರ ಶಾಫ್ಟು, ಸಾವಿರ ಬುಷ್ಷು. ಯಾವುದನ್ನು ಯಾವುದಕ್ಕೆ ಹಾಕಿದರೂ ಕೂರಬೇಕು, ಹತ್ತು ವರ್ಷದ ಮೇಲೆ ಬಿಡಿಭಾಗ ಕೇಳಿದವನಿಗೂ ಕೂರಬೇಕು. ಟಾಲರೆನ್ಸ್, ಅಂದರೆ ಇಷ್ಟೇ ಹೆಚ್ಚುಕಮ್ಮಿ ಆಗಬಹುದು ಅನ್ನುವ ಮಿತಿ, ಇರುವುದು ಅದಕ್ಕೆ. ಇಲ್ಲಿ ಸಿಲಿಂಡರು ಒಂದೇ, ಪಿಸ್ಟನ್ನೂ ಒಂದೇ. ಒಂದು ಗಂಡು ಇನ್ನೊಂದು ಹೆಣ್ಣು, ಬೇರೆ ಯಾರ ಜೊತೆಗೂ ಇವು ಬಾಳುವೆ ಮಾಡಬೇಕಾಗಿಲ್ಲ. ಬೋರ್ ಗುಂಡಗಿರಬೇಕು, ಉದ್ದಕ್ಕೂ ಒಂದೇ ಸಮ ಇರಬೇಕು, ನುಣುಪಾಗಿರಬೇಕು. ಅಳತೆ ಎಷ್ಟಾದರೂ ಆಗಲಿ. ಇಷ್ಟು ಸರಳವಾದ ಸಂಗತಿ ನನ್ನ ಕೈಗೆ ಒಗ್ಗಲು ಬಹಳ ಕಾಲ ಹಿಡಿಯಿತು. ಹಿಡಿ ತಿರುಗಿಸುವ ಬೆರಳುಗಳು ಡ್ರಾಯಿಂಗಿನ ಅಂಕಿಯ ಹತ್ತಿರ ಬಂದ ಕೂಡಲೇ ತಾವೇ ನಿಂತುಬಿಡುತ್ತಿದ್ದವು.

"ಜೇಮ್ಸ್ ವಾಟ್‌ನ ಸಿಲಿಂಡರು ನಿನ್ನ ಟೇಬಲ್ಲಿಗೆ ಬಂದಿದ್ರೆ ಏನ್ ಮಾಡ್ತಿದ್ದೆ?" ಅಂದೆ.

ವಾಟ್‌ನ ಹಬೆ ಯಂತ್ರ ವರ್ಷಗಟ್ಟಲೆ ಒದ್ದಾಡಿದ್ದು ಸಿಲಿಂಡರು ಸರಿಯಾಗಿ ಕೊರೆಯುವವರು ಸಿಗದೆ. ಜಾನ್ ವಿಲ್ಕಿನ್ಸನ್ 1775ರ ಸುಮಾರಿಗೆ ಹೊಸ ಬೋರಿಂಗ್ ಯಂತ್ರದಲ್ಲಿ ಅದನ್ನು ಕೊರೆದುಕೊಟ್ಟ. ಐವತ್ತು ಇಂಚಿನ ಸಿಲಿಂಡರಿನಲ್ಲಿ ಹಳೇ ಶಿಲ್ಲಿಂಗ್ ನಾಣ್ಯದ ದಪ್ಪದಷ್ಟೂ ವ್ಯತ್ಯಾಸವಿಲ್ಲ ಎಂದು ವಾಟ್‌ನ ಪಾಲುದಾರ ಬೌಲ್ಟನ್ ಹಿಗ್ಗಿ ಬರೆದ. ನಾಣ್ಯದ ದಪ್ಪ! ಅಷ್ಟರ ಮೇಲೇ ಒಂದು ಯುಗ ಶುರುವಾಯಿತು.

"ರಿಜೆಕ್ಟ್" ಅಂದ ಗೆಳೆಯ. "ವಾಟ್ ಆದ್ರೇನು?"

ಅವನೆದುರಿಗೇ ಪಿಸ್ಟನ್ ಕಡೆಯಲು ಶುರು ಮಾಡಿದೆ. ಮೊದಲು ಅದನ್ನು ಸ್ವಲ್ಪ ದಪ್ಪವಾಗಿಯೇ ಉಳಿಸಿ ರಾಡಿಗೆ ಬಿಗಿ ಮಾಡಬೇಕು, ರಾಡನ್ನು ಹಿಡಿದು ಕೊನೆಯ ಕಟ್ ಕೊಡಬೇಕು. ಆಗ ಪಿಸ್ಟನ್ನೂ ರಾಡೂ ಒಂದೇ ನಡುರೇಖೆಯಲ್ಲಿ ಬರುತ್ತವೆ. ಒಂದೊಂದು ಸೆಂಟು ತೆಗೆಯುವುದು, ಸಿಲಿಂಡರನ್ನು ತಂದು ಹಿಡಿದು ನೋಡುವುದು. ಹೋಗಲಿಲ್ಲ. ಮತ್ತೆ ಹೋಗಲಿಲ್ಲ. ಕಣ್ಣು ಮೊದಲಿನಂತಿಲ್ಲ, ಡಯಲ್ಲಿನ ಗೆರೆ ಎಣಿಸಲು ಭೂತಗನ್ನಡಿ ಬೇಕು. ಕಿವಿ ಮಾತ್ರ ಇನ್ನೂ ಕೆಲಸದಲ್ಲಿದೆ. ಟೂಲ್ ಕಡಿಯುತ್ತಿದೆಯೋ ಉಜ್ಜುತ್ತಿದೆಯೋ ಅದು ಹೇಳುತ್ತದೆ. ಕೊನೆಗೆ ಒಂದು ತೊಟ್ಟು ಎಣ್ಣೆ ಸವರಿ ಇಟ್ಟಾಗ ಪಿಸ್ಟನ್ ತನ್ನ ಭಾರಕ್ಕೆ ತಾನೇ ಇಳಿಯಿತು. ಸಿಲಿಂಡರಿನ ಇನ್ನೊಂದು ಬಾಯಿಗೆ ಅಂಗೈ ಒತ್ತಿ ಹಿಡಿದೆ, ನಡುದಾರಿಯಲ್ಲಿ ನಿಂತಿತು. ಕೈ ತೆಗೆದೆ, ಮತ್ತೆ ಇಳಿಯಿತು.

ಗೆಳೆಯ ಕೈಯಿಂದ ಕಸಿದುಕೊಂಡು ತಾನೂ ಮಾಡಿ ನೋಡಿದ. ಮತ್ತೊಮ್ಮೆ ಮಾಡಿದ. ಪಿಸ್ಟನ್ನಿನ ಅಳತೆ ಎಷ್ಟು ಅಂತ ಕೇಳಿದ. ನಾನು ಅಳೆದಿರಲಿಲ್ಲ. ಅವನ ಮುಖ ನೋಡಬೇಕಿತ್ತು.

ಉಳಿದ ಜೋಡಣೆಯ ಕಥೆ ಬೇಡ, ಸ್ಕ್ರೂಗಳನ್ನು ಹುಡುಕಿಕೊಂಡು ಎಸ್‌.ಜೆ.ಪಿ. ರೋಡಿನಲ್ಲಿ ಅಲೆದದ್ದೇ ಅದರಲ್ಲಿ ಹೆಚ್ಚು. ಆದರೆ ವಾಲ್ವ್ ಹೊಂದಿಸಿದ ಬೆಳಗಿನ ಮಾತು ಹೇಳಲೇಬೇಕು, ಈ ಇಡೀ ಹವ್ಯಾಸದಲ್ಲಿ ನನಗೆ ತೀರಾ ಇಷ್ಟವಾದ ಕೆಲಸ ಅದು. ವಾಲ್ವು ಕೂತಿರುವ ಪೆಟ್ಟಿಗೆ, ಸ್ಟೀಮ್ ಚೆಸ್ಟಿನ ಮುಚ್ಚಳ ತೆಗೆದಿಟ್ಟು ಗಾಲಿಯನ್ನು ಕೈಯಲ್ಲೇ ತಿರುಗಿಸುತ್ತಾ ನೋಡಬೇಕು. ವಾಲ್ವು ಮೇಲಿನ ಕಿಂಡಿಯನ್ನು ಎಷ್ಟು ತೆರೆಯುತ್ತದೋ ಕೆಳಗಿನದನ್ನೂ ಅಷ್ಟೇ ತೆರೆಯಬೇಕು, ಇಲ್ಲವಾದರೆ ವಾಲ್ವ್ ರಾಡಿನ ನಟ್ಟನ್ನು ಒಂಚೂರು ತಿರುಗಿಸಬೇಕು. ಆಮೇಲೆ ವಾಲ್ವನ್ನು ಆಡಿಸುವ ಎಕ್ಸೆಂಟ್ರಿಕ್. ಅದು ಕ್ರ್ಯಾಂಕಿಗಿಂತ 90 ಡಿಗ್ರಿಗೂ ಸ್ವಲ್ಪ ಹೆಚ್ಚು ಮುಂದಿರಬೇಕು, ಪಿಸ್ಟನ್ ತುದಿ ಮುಟ್ಟುವ ಹೊತ್ತಿಗೆ ಕಿಂಡಿ ಬಾಯಿ ಬಿಡಲು ಶುರು ಮಾಡಿರಬೇಕು. ಇದಕ್ಕೆಲ್ಲ ಯಾವ ಗೇಜೂ ಇಲ್ಲ. ಮುಚ್ಚಳ ತೆಗೆದರೆ ಯಂತ್ರದ ಮನಸ್ಸು ಕಣ್ಣಿಗೇ ಕಾಣುತ್ತದೆ.

ಹಳೇ ಫ್ರಿಜ್ಜಿನ ಕಂಪ್ರೆಸರಿನಿಂದ ಗಾಳಿ ಕೊಟ್ಟೆ. ಮೊದಲು ಬಿಗಿಯಾಗಿತ್ತು, ಗಾಲಿಗೆ ಕೈ ಕೊಡಬೇಕಾಯಿತು. ಎಣ್ಣೆ ಹಿಡಿದು ನಾಲ್ಕು ಸುತ್ತು ಸವೆದ ಮೇಲೆ ತಾನೇ ಎದ್ದಿತು. ಗಾಳಿ ತಗ್ಗಿಸುತ್ತಾ ಹೋದೆ. ಗಾಲಿಯ ಕಡ್ಡಿಗಳನ್ನು ಎಣಿಸಬಹುದು ಅನ್ನುವಷ್ಟು ನಿಧಾನಕ್ಕೆ ಬಂದರೂ ನಿಲ್ಲಲಿಲ್ಲ. ಜೋರಾಗಿ ಓಡಿಸುವುದು ಯಾರಿಂದಲಾದರೂ ಆಗುತ್ತದೆ. ನಿಧಾನಕ್ಕೆ ಓಡುವ ಯಂತ್ರದಲ್ಲಿ ಮಾತ್ರ ಜೋಡಿ ಸರಿಯಾಗಿದೆಯೋ ಇಲ್ಲವೋ ತಿಳಿಯುವುದು. ಮೊಮ್ಮಗ "ತಾತ, ಇದು ಏನ್ ಕೆಲ್ಸ ಮಾಡುತ್ತೆ?" ಅಂತ ಕೇಳಿದ. ಏನೂ ಮಾಡಲ್ಲ ಕಂದಾ, ತಿರುಗುತ್ತೆ ಅಂದೆ. ಅವನಿಗೆ ಆ ಉತ್ತರ ಸಾಕಾಯಿತು, ದೊಡ್ಡವರಿಗೆ ಸಾಕಾಗುವುದಿಲ್ಲ.

ಗೆಳೆಯ ಬಗ್ಗಿ, ಕಿವಿ ಕೊಟ್ಟು, ಬಹಳ ಹೊತ್ತು ಕೇಳಿಸಿಕೊಂಡ.

"ಗಾಳೀಲಿ ಓಡಿದ್ದು ಓಟಾನೇ ಅಲ್ಲ" ಅಂದ. "ಹಬೆ ಯಾವಾಗ?"

ಹಬೆ ಬೇಕಾದರೆ ಬಾಯ್ಲರ್ ಬೇಕು, ಅಲ್ಲಿ ನನ್ನ ಗಂಡು ಹೆಣ್ಣಿನ ವಾದ ನಡೆಯುವುದಿಲ್ಲ. ತಾಮ್ರದ ದಪ್ಪ ಲೆಕ್ಕದಲ್ಲಿ ಇದ್ದಷ್ಟು ಇರಲೇಬೇಕು, ಬೆಳ್ಳಿ ಬೆಸುಗೆ ಪ್ರತಿ ಕೂಡಿನಲ್ಲೂ ಒಳಗೆ ಇಳಿದಿರಲೇಬೇಕು. ನಮ್ಮ ದೇಶದ ಕಾನೂನು 25 ಲೀಟರಿಗಿಂತ ಕಡಿಮೆ ಹಿಡಿಯುವ ಬಾಯ್ಲರನ್ನು ಬಾಯ್ಲರು ಅಂತಲೇ ಎಣಿಸುವುದಿಲ್ಲ. ನನ್ನದು ಒಂದು ಲೀಟರೂ ಹಿಡಿಯದು. ಯಾರೂ ಬಂದು ಕೇಳುವುದಿಲ್ಲ, ಯಾರೂ ತಡೆಯುವುದಿಲ್ಲ. ಸಿಲಿಂಡರಿನ ವಿಷಯದಲ್ಲಿ ನನಗೆ ಸುಖ ಕೊಟ್ಟ ಈ ಸ್ವಾತಂತ್ರ್ಯ ಬಾಯ್ಲರಿನ ವಿಷಯದಲ್ಲಿ ನಿದ್ದೆ ಕೆಡಿಸಿತ್ತು. ಒಳಗೆ ಒಂದು ಗುಳ್ಳೆ ಗಾಳಿಯೂ ಉಳಿಯದಂತೆ ನೀರು ತುಂಬಿ, ಕೈಪಂಪಿನಿಂದ ಕೆಲಸದ ಒತ್ತಡದ ಎರಡರಷ್ಟಕ್ಕೆ ಏರಿಸಿ ಪರೀಕ್ಷೆ ಮಾಡುವುದು ಹವ್ಯಾಸಿಗಳ ವಾಡಿಕೆ. ನೀರು ಕುಗ್ಗುವ ವಸ್ತುವಲ್ಲವಾದ್ದರಿಂದ ಬಿರುಕು ಬಿಟ್ಟರೆ ಸೋರುತ್ತದೆಯೇ ಹೊರತು ಸಿಡಿಯುವುದಿಲ್ಲ. ಆದರೆ ಆ ಒತ್ತಡದ ಗೇಜನ್ನು ನಾನೇ ಓದಿ ನಾನೇ ಪಾಸು ಅನ್ನುವುದು ನನಗೆ ಒಪ್ಪಿಗೆಯಿಲ್ಲ.

"ಇದಕ್ಕೆ ನೀನೇ ಇನ್ಸ್‌ಪೆಕ್ಟರ್ ಆಗಬೇಕು ಕಣಯ್ಯಾ" ಅಂದೆ.

ಅವನು ನೆಟ್ಟಗೆ ನಿಂತ. "ಮೊದಲು ಡ್ರಾಯಿಂಗ್ ತೋರಿಸು. ಪ್ರೆಷರ್ ಗೇಜು ಕ್ಯಾಲಿಬ್ರೇಟ್ ಆಗಿರಬೇಕು, ಸರ್ಟಿಫಿಕೇಟ್ ಸಮೇತ. ಬೆಸುಗೆಗೆ ಮುಂಚೆ ನನ್ನ ಕರಿ, ಆದ ಮೇಲಲ್ಲ. ಒಂದು ಅಂಕಿ ಹೆಚ್ಚುಕಮ್ಮಿ ಆದ್ರೂ ಕೆಂಪು ಬಣ್ಣ ಬಳಿದು ಹೋಗ್ತೀನಿ."

ಡ್ರಾಯಿಂಗ್ ಇನ್ನೂ ಶುರು ಮಾಡಿಲ್ಲ. ತಾಮ್ರದ ಕೊಳವೆಯ ರೇಟು ಮಾತ್ರ ಕೇಳಿಕೊಂಡು ಬಂದಿದ್ದೇನೆ, ಅದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.