ಗುಳಿಗಿ ಅದಾವಲ್ಲ, ಮತ್ತ ಪಿಎಚ್‌ಡಿ ಯಾಕ?

ಮದುವೆ ಮನೆಯಲ್ಲಿ, ವಿಜಯಪುರದಿಂದ ಇಂಡಿಗೆ ಹೋಗುವ ಬಸ್ಸಿನಲ್ಲಿ, ಎಷ್ಟೋ ಸಲ ಆಸ್ಪತ್ರೆಯಲ್ಲೂ ನನ್ನನ್ನು ಕೇಳುವುದು ಒಂದೇ: "ಮೈಯಾಗ ರಕ್ತ ಕಡಿಮಿ ಆದ್ರ ಸರ್ಕಾರ ಪುಕ್ಕಟ ಗುಳಿಗಿ ಕೊಡ್ತೈತಿ. ನೀವು ಸಮಾಜಶಾಸ್ತ್ರದವರು. ಅದರಾಗ ನಿಮ್ಮದೇನ್ರಿ ಪಿಎಚ್‌ಡಿ?"

ನನ್ನ ವಿಷಯ ಗರ್ಭಿಣಿಯರ ರಕ್ತಹೀನತೆ. ಗೈಡ್ ಸಮಾಜಶಾಸ್ತ್ರದವರು, ಕೋ-ಗೈಡ್ ವೈದ್ಯರು. ಗುಳಿಗೆಯ ಮೇಲೆ ನನಗೇನೂ ಅನುಮಾನವಿಲ್ಲ. 60 ಮಿಲಿಗ್ರಾಂ ಕಬ್ಬಿಣಾಂಶ, ಜೊತೆಗೆ ಫೋಲಿಕ್ ಆಮ್ಲ, ದಿನಕ್ಕೊಂದರಂತೆ 180 ದಿನ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರ ಪೈಕಿ ಶೇ 47.8 ಮಂದಿಗೆ ರಕ್ತಹೀನತೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಶೇ 44.8 ಇತ್ತು.

ಮೊದಮೊದಲು ನಾನೂ "ಗುಳಿಗೆ ನುಂಗ್ತೀರಾ?" ಅಂತಲೇ ಕೇಳುತ್ತಿದ್ದೆ. ಎಲ್ಲರೂ ಹೂಂ ಅನ್ನುತ್ತಿದ್ದರು. ಆಮೇಲೆ "ಎಲ್ಲಿಟ್ಟೀರಿ, ತೋರಸ್ರಿ" ಅನ್ನತೊಡಗಿದೆ. ಇಂಡಿ ತಾಲ್ಲೂಕಿನ ಒಂದು ಮನೆಯಲ್ಲಿ ಏಳು ತಿಂಗಳ ಗರ್ಭಿಣಿಯೊಬ್ಬಳು ಜೋಳದ ಹಿಟ್ಟಿನ ಡಬ್ಬಿಯ ಹಿಂದಿನಿಂದ ತಾಯಿ ಕಾರ್ಡು ಸುತ್ತಿದ್ದ ಚೀಲ ತೆಗೆದಳು. ಒಳಗೆ ಕೆಂಪು ಗುಳಿಗೆಯ ಮೂರು ಶೀಟು. ಒಂದರಲ್ಲಷ್ಟೇ ನಾಲ್ಕು ಗುಳಿಗೆ ಖಾಲಿ. ಅತ್ತೆ ನೀರಿಗೆ ಹೋಗುವ ತನಕ ಸುಮ್ಮನಿದ್ದಳು.

"ನುಂಗಿದ್ರ ಹೊಟ್ಟಿ ಕಟ್ತೈತ್ರಿ ಅಕ್ಕಾರ. ನಸಿಕಿನ್ಯಾಗ ಕತ್ತಲಿದ್ದಾಗನ ಬಯಲಿಗೆ ಹೋಗಿ ಬರಬೇಕು. ಆಗ ಆಗ್ಲಿಲ್ಲಂದ್ರ ಸಂಜೀಮಟ ಕಬ್ಬಿನ ಹೊಲದಾಗ ಎಲ್ಲಿಗೆ ಹೋಗೂದ್ರಿ? ಗಂಡಸರು ಇರ್ತಾರ."

ಮಲಬದ್ಧತೆ ಈ ಗುಳಿಗೆಯ ಅಡ್ಡಪರಿಣಾಮ ಅನ್ನುವುದು ಯಾವ ವೈದ್ಯರಿಗೂ ಗೊತ್ತು. ಅದು ಆಕೆಯ ದಿನದಲ್ಲಿ ಏನಾಗುತ್ತದೆ ಅನ್ನುವುದು ಆ ಮನೆಯಲ್ಲಿ ಕೂತಾಗಲೇ ತಿಳಿದದ್ದು. ಆಕೆಯದು ಅಸಡ್ಡೆಯಲ್ಲ, ಲೆಕ್ಕಾಚಾರ. "ಹಳ್ಳಿ ಹೆಂಗಸರಿಗೆ ತಿಳಿವಳಿಕೆ ಇಲ್ಲ" ಅನ್ನುವವರ ಮೇಲೆ ನನಗೆ ಅಂದಿನಿಂದ ಸಿಟ್ಟು ಬರುತ್ತದೆ. (ಊಟ ಮುಗಿದೊಡನೆ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆ, ಮನೆಮಂದಿಯೆಲ್ಲ ಉಂಡ ಮೇಲೆ ಸೊಸೆಗೆ ಉಳಿಯುವುದೇ ಅಷ್ಟಿಷ್ಟು. ಅದು ಬೇರೆಯೇ ಅಧ್ಯಾಯ.)

ನಮ್ಮ ಬೆಳಗಾವಿಯದೇ ಒಂದು ಕೆಲಸ ನೋಡಿ. 2002ರಿಂದ 2005ರವರೆಗೆ ಅಲ್ಲಿನ ಹಳ್ಳಿಗಳಲ್ಲಿ 1620 ಹೆಂಗಸರು ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಗುಳಿಗೆಯ ಅಧ್ಯಯನದಲ್ಲಿದ್ದರು. ಹೋಲಿಕೆಗೆಂದು ಔಷಧವಿಲ್ಲದ ಹುಸಿ ಗುಳಿಗೆ ಪಡೆದವರಲ್ಲಿ ಶೇ 12 ಮಂದಿಗೆ ಹೆರಿಗೆಯ ನಂತರ ಅತಿಯಾದ ರಕ್ತಸ್ರಾವವಾಯಿತು, ಔಷಧ ಪಡೆದವರಲ್ಲಿ ಶೇ 6.4. ಅದನ್ನು ಕೊಟ್ಟವರು ದೊಡ್ಡಾಸ್ಪತ್ರೆಯ ತಜ್ಞರಲ್ಲ, ಮನೆಯಲ್ಲೋ ಉಪಕೇಂದ್ರದಲ್ಲೋ ಹೆರಿಗೆ ಮಾಡಿಸುತ್ತಿದ್ದ ಎಎನ್‌ಎಂ (ಹಳ್ಳಿಯ ಆರೋಗ್ಯ ಸಹಾಯಕಿ) ಅಕ್ಕಂದಿರು. ಗುಳಿಗೆಯನ್ನು ಯಾರು, ಎಲ್ಲಿ, ಯಾವ ಹೊತ್ತಿಗೆ ಕೊಡುತ್ತಾರೆ ಅನ್ನುವುದನ್ನು ಬಿಟ್ಟು ಗುಳಿಗೆಯ ಮಾತಾಡಲಾಗದು ಅನ್ನುವುದು ನನಗೆ ಮನದಟ್ಟಾದದ್ದು ಇದನ್ನು ಓದಿದ ಮೇಲೆ.

ಆಕೆಯ ಮಾತನ್ನು ಹೆಸರು ಹೇಳದೆ ಕೋ-ಗೈಡ್ ಮುಂದಿಟ್ಟೆ. ಸಂಶೋಧನೆಯಲ್ಲಿ ಜನರಿಗೆ ತೊಂದರೆಯಾಗದಂತೆ ನೋಡಿಕೊಳ್ಳುವ ಎಥಿಕ್ಸ್ ಕಮಿಟಿಗೆ ಮತ್ತೆ ಬರೆದು ಒಪ್ಪಿಗೆ ಪಡೆದೆವು. ಈಗ ನನ್ನ ಪ್ರಶ್ನಾವಳಿಯಲ್ಲಿ ಹಿಮೋಗ್ಲೋಬಿನ್ ಬರೆಯುವ ಸಾಲಿನ ಕೆಳಗೇ ಹೊಸದೊಂದು ಪ್ರಶ್ನೆ ಇದೆ: "ನೀವು ದುಡಿಯುವ ಜಾಗದಲ್ಲಿ ಶೌಚಾಲಯ ಇದೆಯೇ?"